ಶುಗರ್ ಇರುವ ಅಪ್ಪನಿಗೆ ಟರ್ಕಿಯ ಹೈದರಿ: ಎಣ್ಣೆ, ಉಪ್ಪು ಕಡಿಮೆ ಮಾಡಿದರೂ ರುಚಿ ಉಳಿಯೋದು ಹೇಗೆ?

ಕಾದಿಕೋಯ್ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಇಸ್ತಾಂಬುಲ್‌ನ ಕಾದಿಕೋಯ್‌ನಲ್ಲಿ ಇರುತ್ತೇನೆ. ಅಪ್ಪ ತುಮಕೂರಿನಿಂದ ಎರಡು ತಿಂಗಳಿಗೆ ಅಂತ ಬಂದಿದ್ದಾರೆ. 68 ವರ್ಷ. ಶುಗರ್ ಬಂದು 14 ವರ್ಷ ಆಯಿತು, ಬಿಪಿಯೂ ಇದೆ. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ಎರಡೂ ನಡೆಯುತ್ತಿವೆ.

ಬಂದ ಮೊದಲ ವಾರ ಕಾನ್ಲಿಜಾಕ್ಕೆ ಕರೆದುಕೊಂಡು ಹೋಗಿದ್ದೆ. ಬಾಸ್ಫರಸ್ ದಂಡೆ ಮೇಲಿನ ಜಾಗ, ಮೊಸರಿಗೇ ಹೆಸರುವಾಸಿ. ಪುಟ್ಟ ಬಟ್ಟಲಲ್ಲಿ ಗಟ್ಟಿ ಮೊಸರು ಕೊಡುತ್ತಾರೆ. ಅದರ ಮೇಲೆ ಪುಡಿ ಸಕ್ಕರೆ ಸುರಿದುಕೊಂಡು ತಿನ್ನುವುದು ಅಲ್ಲಿನ ರೂಢಿ. ಪಕ್ಕದ ಮೇಜಿನವರು ಮೊಸರೇ ಕಾಣದಷ್ಟು ಹಾಕಿಕೊಂಡರು. ಅಪ್ಪ ತಮ್ಮ ಬಟ್ಟಲಿನ ಮೇಲೆ ಅಂಗೈ ಇಟ್ಟು ಕೂತುಬಿಟ್ಟರು. ನಾನು 'ಶೆಕೆರ್‌ಸಿಜ್' ಅಂದೆ. ಸಕ್ಕರೆ ಬೇಡ ಅಂತ. ಶೆಕೆರ್ ಅಂದರೆ ನಮ್ಮ ಸಕ್ಕರೆಯೇ, ಎರಡೂ ಶರ್ಕರದಿಂದ ಹುಟ್ಟಿದ ಮಾತು. ಶುಗರ್‌ಗೂ ಇಲ್ಲಿ 'ಶೆಕೆರ್ ಹಸ್ತಲಿ' ಅಂತಾರೆ. ಅಂದರೆ ಸಕ್ಕರೆ ಕಾಯಿಲೆ. ಇದನ್ನು ಕೇಳಿದ ಮೇಲೆ ಅಪ್ಪನಿಗೆ ಈ ಊರು ಸ್ವಲ್ಪ ಹತ್ತಿರವಾಯಿತು ಅನ್ನಿಸುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ತೆಯ್ಜೆ ಇದ್ದಾರೆ. ತೆಯ್ಜೆ ಅಂದರೆ ಚಿಕ್ಕಮ್ಮ, ದೊಡ್ಡಮ್ಮ ಅನ್ನುವ ಹಾಗೆ. ಅವರಿಗೂ ಶುಗರ್ ಇದೆ. ಅವರು ಒಂದು ಸಂಜೆ ಹೈದರಿ ಮಾಡಿ ಕಳಿಸಿದರು. ನೀರು ಸೋಸಿದ ಗಟ್ಟಿ ಮೊಸರು, ಜಜ್ಜಿದ ಬೆಳ್ಳುಳ್ಳಿ, ಒಣ ಪುದೀನ, ಸಬ್ಬಸಿಗೆ ಸೊಪ್ಪು, ಪುಡಿ ಮಾಡಿದ ಬಿಳಿ ಚೀಸ್, ಮೇಲೆ ಆಲಿವ್ ಎಣ್ಣೆ. ಅಪ್ಪ ಬೆರಳಲ್ಲಿ ಬಟ್ಟಲು ಬಳಿದು ತಿಂದರು. ಮಾರನೇ ದಿನ 'ಅದೇ ಬೇಕು' ಅಂದರು. ಹೋಟೆಲಿನಲ್ಲಿ ಆರ್ಡರ್ ಮಾಡಿದರೆ ಉಪ್ಪು ಜಾಸ್ತಿ, ಎಣ್ಣೆ ತೇಲುತ್ತಿತ್ತು, ಜೊತೆಗೆ ಬುಟ್ಟಿ ತುಂಬ ಬಿಸಿ ಬ್ರೆಡ್ಡು. ಅಪ್ಪ ನಾಲ್ಕು ತುಂಡು ಬ್ರೆಡ್ ತಿಂದರು. ಎರಡು ಗಂಟೆ ಬಿಟ್ಟು ನೋಡಿದರೆ ಶುಗರ್ 241.

ಮನೆಯಲ್ಲೇ ಹಗುರವಾಗಿ ಮಾಡಬೇಕು ಅಂತ ಕೊಬ್ಬಿಲ್ಲದ ಮೊಸರು ತಂದೆ. ಎಣ್ಣೆ ಬಿಟ್ಟೆ, ಚೀಸ್ ಬಿಟ್ಟೆ, ಉಪ್ಪು ಬಿಟ್ಟೆ. ಸುಣ್ಣದ ನೀರಿನ ಹಾಗಾಯಿತು. ಅಪ್ಪ ಒಂದು ಚಮಚ ತಿಂದು ಸುಮ್ಮನೆ ಬಟ್ಟಲು ಸರಿಸಿದರು. ಅವರು ಏನೂ ಅನ್ನಲಿಲ್ಲ, ಅದೇ ನನಗೆ ಬೇಜಾರಾಯಿತು. ಊರಲ್ಲೂ ಅವರ ತಟ್ಟೆಯಿಂದ ಒಂದೊಂದೇ ತೆಗೆದು ತೆಗೆದು ಏನೂ ಉಳಿದಿಲ್ಲ. ಇದೊಂದಾದರೂ ಉಳಿಯಲಿ ಅಂತ ಆಸೆ. ಯಾರಾದರೂ ಮಾಡಿ ಗೊತ್ತಿದ್ದರೆ ಹೇಳಿ.

ಮೈಸೂರು ಪಾಕಶಾಲೆ

ಅಯ್ಯೋ ಇದು ನಮ್ಮ ಮೊಸರು ಬಜ್ಜಿಯ ಅಕ್ಕ ಅಲ್ವಾ! ಬೆಳ್ಳುಳ್ಳಿ ಒಂದು ಹೊಸದು. ಸೌತೆಕಾಯಿ ಹಾಕುವುದಿಲ್ಲವೇ?

ಕಾದಿಕೋಯ್ ಮಗಳು

ಸೌತೆಕಾಯಿ ಹಾಕಿದರೆ ಅದು ಜಾಜಿಕ್ ಆಗುತ್ತದೆ. ಜಾಜಿಕ್ ನೀರಾಗಿರುತ್ತದೆ, ಬಟ್ಟಲಲ್ಲಿ ಹಾಕಿ ಚಮಚದಲ್ಲಿ ತಿನ್ನುತ್ತಾರೆ. ಗ್ರೀಸ್‌ನವರ ಜಾಟ್ಜಿಕಿ ಹೆಸರು ಇದರಿಂದಲೇ ಹೋದದ್ದು. ಹೈದರಿ ಹಾಗಲ್ಲ. ಚಮಚ ನೆಟ್ಟರೆ ನಿಲ್ಲಬೇಕು.

ಹುಬ್ಬಳ್ಳಿ ಆಹಾರ ಸಲಹೆ

ನಾನು ಡಯಟಿಷಿಯನ್ ಆಗಿ ಕೆಲಸ ಮಾಡುತ್ತೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ತಂದೆಯವರ 241ಕ್ಕೆ ಮೊಸರನ್ನು ದೂರಬೇಡಿ. ಲೆಕ್ಕ ನೋಡಿ. ಸೋಸಿದ ಸಪ್ಪೆ ಮೊಸರು 100 ಗ್ರಾಂ ತಿಂದರೆ ಕಾರ್ಬೋಹೈಡ್ರೇಟ್ ಸುಮಾರು 4 ಗ್ರಾಂ. ಒಬ್ಬರು ಒಂದು ಊಟದಲ್ಲಿ ತಿನ್ನುವ ಹೈದರಿ ಮೂರು ದೊಡ್ಡ ಚಮಚ, 50–60 ಗ್ರಾಂ ಅನ್ನೋಣ. ಅಂದರೆ 2 ಗ್ರಾಂ ಚಿಲ್ಲರೆ. ಅದೇ ಬಿಳಿ ಬ್ರೆಡ್ಡಿನ ಒಂದು ತುಂಡಿನಲ್ಲಿ 13–15 ಗ್ರಾಂ ಇರುತ್ತದೆ. ನಾಲ್ಕು ತುಂಡು ಅಂದರೆ ಹತ್ತಿರ ಹತ್ತಿರ 60. ಶುಗರ್ ಏರಿಸಿದ್ದು ಬಟ್ಟಲಲ್ಲ, ಬುಟ್ಟಿ.

ಹಾಗಾಗಿ ನೀವು ಕೊಬ್ಬಿಲ್ಲದ ಮೊಸರು ತಂದು ಎಣ್ಣೆ ಪೂರ್ತಿ ಬಿಟ್ಟು ಪಟ್ಟ ಕಷ್ಟದಿಂದ ಶುಗರ್‌ಗೆ ಹೆಚ್ಚೇನೂ ಲಾಭ ಇರಲಿಲ್ಲ. ತೂಕಕ್ಕೆ, ಕ್ಯಾಲೊರಿಗೆ ಲಾಭ ಇದೆ, ಅದು ನಿಜ. ಆದರೆ ರುಚಿ ಕೆಟ್ಟರೆ ಮನುಷ್ಯ ಮತ್ತೆ ಬ್ರೆಡ್ಡಿನ ಕಡೆಗೇ ಕೈ ಹಾಕುತ್ತಾನೆ. ಇದನ್ನು ನಾನು ದಿನಾ ನೋಡುತ್ತೇನೆ.

ಇನ್ನೊಂದು. ಸೋಸಿದರೆ ಮೊಸರಿನ ಸಕ್ಕರೆ ಪೂರ್ತಿ ಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಸಾಮಾನ್ಯ ಮೊಸರಿನಲ್ಲಿ 100 ಗ್ರಾಂಗೆ 4.7 ಗ್ರಾಂ ಇದ್ದದ್ದು 4ಕ್ಕೋ ಅದಕ್ಕಿಂತ ಸ್ವಲ್ಪ ಕೆಳಗೋ ಇಳಿಯುತ್ತದೆ, ಅಷ್ಟೇ. ನಿಜವಾದ ಲಾಭ ಪ್ರೋಟೀನಿನದು. 3.5 ಗ್ರಾಂ ಇದ್ದದ್ದು ಚೆನ್ನಾಗಿ ಸೋಸಿದರೆ 8–10ರವರೆಗೆ ಹೋಗುತ್ತದೆ. ಹೊಟ್ಟೆ ತುಂಬಿದ ಹಾಗಿರುತ್ತದೆ, ಜೊತೆಗೆ ತಿಂದದ್ದು ನಿಧಾನ ಜೀರ್ಣ ಆಗುತ್ತದೆ.

ಬಿಪಿ ಇರುವುದರಿಂದ ನಾನು ಹೆಚ್ಚು ಹೆದರುವುದು ಉಪ್ಪಿಗೆ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿಗಿಂತ ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಟೀ ಚಮಚದಷ್ಟು. ಆ ಬಿಳಿ ಚೀಸ್ ಉಪ್ಪುನೀರಿನಲ್ಲೇ ಮುಳುಗಿಸಿಟ್ಟದ್ದು ಅಲ್ವಾ? ಅದನ್ನು ನೋಡಿಕೊಳ್ಳಿ.

ಕಾದಿಕೋಯ್ ಮಗಳು

ಮೇಡಂ, ತುಂಬಾ ಥ್ಯಾಂಕ್ಸ್. 'ಬಟ್ಟಲಲ್ಲ, ಬುಟ್ಟಿ' ಅನ್ನುವುದನ್ನು ಅಪ್ಪನಿಗೆ ಓದಿ ಹೇಳಿದೆ. ಚೀಸ್ ವಿಷಯ ಸರಿ. ಇಲ್ಲಿ ಅದಕ್ಕೆ ಬೆಯಾಜ್ ಪೆಯ್ನಿರ್ ಅಂತಾರೆ. ಪೆಯ್ನಿರ್ ಅಂದರೆ ಪನೀರ್, ಆದರೆ ರುಚಿಯಲ್ಲಿ ನಮ್ಮ ಪನೀರಿಗೂ ಇದಕ್ಕೂ ಸಂಬಂಧ ಇಲ್ಲ. ಸಿಕ್ಕಾಪಟ್ಟೆ ಉಪ್ಪು. ತೆಯ್ಜೆಯನ್ನು ಕೇಳಿದೆ. ಅವರು ಚೀಸನ್ನು ತೆಳುವಾಗಿ ಕತ್ತರಿಸಿ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರು ಬದಲಿಸಿ, ಮತ್ತೆ ಅರ್ಧ ಗಂಟೆ ಬಿಡುತ್ತಾರಂತೆ. ಆಮೇಲೆ ಹೈದರಿಗೆ ಬೇರೆ ಉಪ್ಪೇ ಹಾಕುವುದಿಲ್ಲ.

ಬರ್ಲಿನ್ ನಿವಾಸಿ

ನಾವಿರುವ ಕಡೆ ಟರ್ಕಿಯವರ ಅಂಗಡಿ ಬೀದಿಗೊಂದು ಇವೆ. ಅಲ್ಲಿ ಸುಜ್ಮೆ ಅಂತ ಡಬ್ಬಿಯಲ್ಲಿ ಸೋಸಿದ ಮೊಸರೇ ಸಿಗುತ್ತದೆ. ಕಟ್ಟಿ ಸೋಸುವ ಕೆಲಸ ಇಲ್ಲ. ಆದರೆ ನೋಡಿ ತೆಗೆದುಕೊಳ್ಳಬೇಕು. ನಾನು ಎರಡು ವರ್ಷ ಕಣ್ಣು ಮುಚ್ಚಿಕೊಂಡು ತಂದದ್ದು 10% ಕೊಬ್ಬಿನದು. 100 ಗ್ರಾಂಗೆ 130 ಕ್ಯಾಲೊರಿ ಹತ್ತಿರ. ಕೊಬ್ಬು ಕಡಿಮೆ ಇರುವುದು ಅದರ ಅರ್ಧ. ಈಗ ನಾನು ಎರಡನ್ನೂ ತಂದು ಒಂದು ಪಾಲು ಕೆನೆಯದು, ಎರಡು ಪಾಲು ಕಡಿಮೆ ಕೊಬ್ಬಿನದು ಬೆರೆಸುತ್ತೇನೆ. ಅಕ್ಕ, ನಿಮ್ಮ ಸುಣ್ಣದ ನೀರಿಗೆ ಇದೇ ಮದ್ದು. ಬಾಯಿಗೆ ನುಣುಪು ಬರುತ್ತದೆ.

ಸುವಾಸನೆ ಹಾಕಿದ, ಹಣ್ಣು ಹಾಕಿದ ಡಬ್ಬಿಗಳನ್ನು ಮುಟ್ಟಬೇಡಿ. ಕಾರ್ಬೋಹೈಡ್ರೇಟ್ ಸಾಲು ನೋಡಿದರೆ ಸಾಕು. ಸಪ್ಪೆ ಮೊಸರಾದರೆ 100 ಗ್ರಾಂಗೆ 3–5 ಇರುತ್ತದೆ. 10 ದಾಟಿದ್ದರೆ ಸಕ್ಕರೆ ಸೇರಿದೆ ಅಂತಲೇ ಅರ್ಥ.

ಬೆಳಗಾವಿ ಅಡುಗೆಮನೆ

ನಮ್ಮ ಕಡೆ ಶ್ರೀಖಂಡಕ್ಕೆ ಚಕ್ಕಾ ಕಟ್ಟುತ್ತೇವಲ್ಲ, ಅದೇ ಇದು. ಅದಕ್ಕೆ ಡಬ್ಬಿ ಯಾಕೆ ಬೇಕು? ಅರ್ಧ ಕೆಜಿ ಮೊಸರನ್ನು ತೆಳು ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ. ಚಕ್ಕಾ ಕಾಲು ಕೆಜಿಯ ಆಸುಪಾಸು ಬರುತ್ತದೆ. ನಾನು ಹೇಳಬೇಕಾದ್ದು ಒಂದೇ: ಬೇಸಿಗೆಯಲ್ಲಿ ನಲ್ಲಿಗೆ ಇಳಿಬಿಟ್ಟು ರಾತ್ರಿಯೆಲ್ಲ ಬಿಡಬೇಡಿ. ಹುಳಿ ಬಂದುಬಿಡುತ್ತದೆ. ಆ ಹುಳಿ ಮುಚ್ಚಲು ಶ್ರೀಖಂಡಕ್ಕಾದರೆ ಸಕ್ಕರೆ ಇದೆ. ಇದಕ್ಕೆ ಏನು ಹಾಕುತ್ತೀರಿ, ಉಪ್ಪೇ ತಾನೇ? ಜರಡಿ ಮೇಲೆ ಬಟ್ಟೆ ಹಾಸಿ, ಕೆಳಗೆ ಪಾತ್ರೆ ಇಟ್ಟು, ಮೇಲೊಂದು ತಟ್ಟೆ ಮುಚ್ಚಿ, ಫ್ರಿಜ್ಜಿನಲ್ಲಿ ಇಡಿ. ಐದಾರು ಗಂಟೆ. ಸಿಹಿ ಮೊಸರು ಸಿಹಿಯಾಗೇ ಗಟ್ಟಿ ಆಗುತ್ತದೆ.

ಯಲಹಂಕ ಅಮ್ಮ

ಇಂಥ ಮಾತಿಗಾಗಿಯೇ ಕಾಯುತ್ತಿದ್ದೆ. ನಿನ್ನೆ ನಾನು ಮಾಡಿದೆ. ನಂದಿನಿ ಮೊಸರು, ಬೆಳಗಾವಿಯವರು ಹೇಳಿದ ಹಾಗೆ ಫ್ರಿಜ್ಜಿನಲ್ಲಿ. ಬಿಳಿ ಚೀಸ್ ಇಲ್ಲ, ಮನೆಯಲ್ಲೇ ಒಡೆದ ಹಾಲಿನ ಪನೀರ್ ಒಂದು ಹಿಡಿ ಪುಡಿ ಮಾಡಿ ಹಾಕಿದೆ. ಅದಕ್ಕೆ ಆ ಹುಳಿ-ಉಪ್ಪಿನ ಚುರುಕು ಇರುವುದಿಲ್ಲ, ಅದಕ್ಕೆ ನಾಲ್ಕು ಹನಿ ನಿಂಬೆರಸ. ಸಬ್ಬಸಿಗೆ ಸೊಪ್ಪು ಹೇಗೂ ಮನೆಯಲ್ಲಿತ್ತು. ಮೊಸರಿಗೆ ಸಬ್ಬಸಿಗೆ ಹಾಕಬಹುದು ಅಂತ ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ! ಯಜಮಾನರಿಗೆ ಶುಗರ್. ಕ್ಯಾರೆಟ್, ಮೂಲಂಗಿ, ದಪ್ಪಮೆಣಸಿನಕಾಯಿ ಉದ್ದಕ್ಕೆ ಸೀಳಿ ಕೊಟ್ಟೆ. ಚಪಾತಿ ಒಂದೇ ತಿಂದರು.

ಒಂದು ಪ್ರಶ್ನೆ. ಬೆಳ್ಳುಳ್ಳಿ ಎರಡು ಎಸಳು ಹಾಕಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಕಹಿ, ಘಾಟು. ಯಾಕೆ?

ಕಾದಿಕೋಯ್ ಮಗಳು

ಅಮ್ಮಾ, ಹಸಿ ಬೆಳ್ಳುಳ್ಳಿ ಮೊಸರಿನಲ್ಲಿ ಕೂತಷ್ಟೂ ಜೋರಾಗುತ್ತದೆ. ತೆಯ್ಜೆ ಕಾಲು ಕೆಜಿಗೆ ಒಂದೇ ಸಣ್ಣ ಎಸಳು ಹಾಕುತ್ತಾರೆ. ನಡುವಿನ ಹಸಿರು ಮೊಳಕೆ ತೆಗೆದುಬಿಡುತ್ತಾರೆ. ಮಾರನೇ ದಿನಕ್ಕೂ ಬೇಕಿದ್ದರೆ ಬೆಳ್ಳುಳ್ಳಿ ಹಾಕದೆ ಎತ್ತಿಟ್ಟು, ತಿನ್ನುವ ಹೊತ್ತಿಗೆ ಬೆರೆಸುತ್ತಾರೆ.

ನಿನ್ನೆ ಅವರ ಅಡುಗೆಮನೆಯಲ್ಲೇ ನಿಂತು ನೋಡಿದೆ. ಎಣ್ಣೆಯ ಗುಟ್ಟು ಅಲ್ಲಿ ಗೊತ್ತಾಯಿತು. ಮೊದಲೆಲ್ಲ ಅವರೂ ಮೂರು ದೊಡ್ಡ ಚಮಚ ಎಣ್ಣೆ ಮೊಸರಿಗೇ ಕಲಸುತ್ತಿದ್ದರಂತೆ. ಕಲಸಿದರೆ ಎಣ್ಣೆ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಈಗ ಒಂದೇ ಟೀ ಚಮಚ. ಪುಟ್ಟ ಬಾಣಲೆಯಲ್ಲಿ ಆ ಎಣ್ಣೆ ಬಿಸಿ ಮಾಡಿ, ಉರಿ ಆರಿಸಿ, ಆಮೇಲೆ ಒಣ ಪುದೀನವನ್ನು ಅಂಗೈಯಲ್ಲಿ ತಿಕ್ಕಿ ಉದುರಿಸಿದರು. ಚುಂಯ್ ಅಂತು, ಮನೆಯೆಲ್ಲ ಘಮ. ಒಂದು ಚಿಟಿಕೆ ಪುಲ್ ಬಿಬೆರ್ ಹಾಕಿದರು. ಅದು ಒಣಮೆಣಸಿನಕಾಯಿಯ ತರಿ. ಬಟ್ಟಲಲ್ಲಿ ಮೊಸರು ಹರಡಿ, ಚಮಚದ ಬೆನ್ನಲ್ಲಿ ಗುಳಿ ಮಾಡಿ, ಒಗ್ಗರಣೆಯನ್ನು ಅಲ್ಲಿ ಸುರಿದರು. ಹೌದು, ಒಗ್ಗರಣೆಯೇ! ಮೂಗಿಗೂ ನಾಲಿಗೆಗೂ ಮೊದಲು ಸಿಗುವುದು ಅದೇ. ಒಂದು ಟೀ ಚಮಚ ಎಣ್ಣೆ ಅಂದರೆ 40 ಕ್ಯಾಲೊರಿ, ಅದನ್ನು ಮೂರು ಜನ ಹಂಚಿಕೊಂಡೆವು.

ಪುದೀನ ಕಪ್ಪಾಗಲು ಬಿಡಬಾರದು. ಕಪ್ಪಾದರೆ ಕಹಿ.

ಮೈಸೂರು ಪಾಕಶಾಲೆ

ಪುಲ್ ಬಿಬೆರ್ ಇಲ್ಲದವರು ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು, ಬಿಸಿ ಬಾಣಲೆಯಲ್ಲಿ ಒಂದು ಸುತ್ತು ಆಡಿಸಿ, ಕೈಯಲ್ಲೇ ಪುಡಿ ಮಾಡಿ. ಖಾರ ಕಡಿಮೆ, ಬಣ್ಣ ಚೆನ್ನ. ಉಪ್ಪು ಕಡಿಮೆ ಆದದ್ದು ಗೊತ್ತೇ ಆಗಲಿಲ್ಲ ನನಗೆ.

ಶಿರಸಿ ಹವ್ಯಾಸಿ

ಎಲ್ಲ ಸರಿ, ಆದರೆ ರಾತ್ರಿ ಹೊತ್ತು ವಯಸ್ಸಾದವರಿಗೆ ಮೊಸರು ಕೊಡಬಹುದೇ? ನಮ್ಮಲ್ಲಿ ಶೀತ ಆಗುತ್ತದೆ ಅಂತ ಮಜ್ಜಿಗೆ ಮಾತ್ರ ಕೊಡುತ್ತಾರೆ.

ಕಾದಿಕೋಯ್ ಮಗಳು

ಅಪ್ಪನಿಗೂ ಅದೇ ಅನುಮಾನ ಇತ್ತು. ನಾನು ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ತೆಗೆದಿಡುತ್ತೇನೆ, ಊಟ ಏಳಕ್ಕೆ ಮುಗಿಸುತ್ತೇವೆ. ಅವರಿಗೆ ಏನೂ ಆಗಿಲ್ಲ. ನಿಮ್ಮ ಮನೆಯವರಿಗೆ ಒಗ್ಗದಿದ್ದರೆ ಮಧ್ಯಾಹ್ನವೇ ಕೊಡಿ, ಅದಕ್ಕೇನಂತೆ.

ಮಂಡ್ಯ ಮಗ

ಈ ಚರ್ಚೆ ಓದಿ ಖುಷಿಯಾಯಿತು. ಆದರೆ ಒಂದು ಎಚ್ಚರಿಕೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅಕ್ಕ, ನಿಮ್ಮ ತಂದೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ ಅಂದಿರಿ. ನಮ್ಮ ಅಮ್ಮನದೂ ಅದೇ ಮಾತ್ರೆ. ಹೋದ ವರ್ಷ ನಾನು ಹುರುಪಿನಲ್ಲಿ ರಾತ್ರಿಯ ಮುದ್ದೆ ಪೂರ್ತಿ ನಿಲ್ಲಿಸಿ, ಬರೀ ಗಟ್ಟಿ ಮೊಸರು, ಸೌತೆಕಾಯಿ ಕೊಟ್ಟೆ. ಮಾತ್ರೆ ಎಂದಿನಂತೆ ನುಂಗಿದರು. ಹನ್ನೊಂದು ಗಂಟೆಗೆ ಅಮ್ಮ ಎದ್ದು ಕೂತು 'ಮಗಾ, ಕೈ ನಡುಗ್ತಾ ಇದೆ' ಅಂದರು. ಸೀರೆ ಬೆವರಲ್ಲಿ ಒದ್ದೆ. ಚುಚ್ಚಿ ನೋಡಿದರೆ 58. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ನೋಡಿದಾಗ 84. ಆ ಹದಿನೈದು ನಿಮಿಷ ನನಗೆ ಇನ್ನೂ ಮರೆತಿಲ್ಲ.

ಶುಗರ್ ಕಡಿಮೆ ಇರುವ ಊಟ ಒಳ್ಳೆಯದೇ. ಆದರೆ ಮಾತ್ರೆಗೆ ಅದು ಗೊತ್ತಾಗುವುದಿಲ್ಲವಲ್ಲ. ಡಾಕ್ಟರಿಗೆ ಹೇಳಿ ಮಾತ್ರೆ ಹೊಂದಿಸಿಕೊಂಡೇ ಅನ್ನ, ಮುದ್ದೆ, ಬ್ರೆಡ್ ಕಡಿಮೆ ಮಾಡಿ.

ಹುಬ್ಬಳ್ಳಿ ಆಹಾರ ಸಲಹೆ

ಇದನ್ನು ನಾನೇ ಮೊದಲು ಹೇಳಬೇಕಿತ್ತು. ಮಂಡ್ಯದ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ಹೀಗೆ ಕುಸಿಯುವುದು ಬಹಳ ಅಪರೂಪ. 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಆಗಲೂ ಕಡಿಮೆ ಇದ್ದರೆ ಇನ್ನೊಮ್ಮೆ 15 ಗ್ರಾಂ. ಆ ಹೊತ್ತಿನಲ್ಲಿ ಮೊಸರು ಕೊಟ್ಟು ಪ್ರಯೋಜನ ಇಲ್ಲ, ಅದು ತಡವಾಗಿ ಕೆಲಸ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ಹಾಗಾಗಿ ಅವರಿಗೆ ಒಂದು ತುಂಡು ಬ್ರೆಡ್ ಇರಲಿ, ಸಾಧ್ಯವಾದರೆ ಪೂರ್ತಿ ಗೋಧಿಯದು. ಹೈದರಿ, ತರಕಾರಿ ಮೊದಲು, ಬ್ರೆಡ್ ಕೊನೆಗೆ.

ತೀರ್ಥಹಳ್ಳಿ ಸೊಸೆ

ನಮ್ಮ ಮಾವನಿಗೆ ಶುಗರ್ ಜೊತೆ ಕಿಡ್ನಿ ತೊಂದರೆಯೂ ಇದೆ. ಅವರಿಗೆ ಈ ಗಟ್ಟಿ ಮೊಸರು ಕೊಡಬಹುದೇ?

ಹುಬ್ಬಳ್ಳಿ ಆಹಾರ ಸಲಹೆ

ಕೇಳದೆ ಕೊಡಬೇಡಿ ಅಮ್ಮ. ಕಿಡ್ನಿ ತೊಂದರೆ ಇರುವವರಿಗೆ ಪ್ರೋಟೀನು, ರಂಜಕ, ಪೊಟ್ಯಾಷಿಯಂ ಎಲ್ಲದಕ್ಕೂ ಲೆಕ್ಕ ಇರುತ್ತದೆ. ನೋಡುತ್ತಿರುವ ಡಾಕ್ಟರ್ ಹತ್ತಿರವೇ ದಿನಕ್ಕೆ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ.

ಯಲಹಂಕ ಅಮ್ಮ

ಮೊಸರು ತಿಂದರೆ ಶುಗರ್ ವಾಸಿ ಅಂತ ಅಮೆರಿಕದವರು ಒಪ್ಪಿಕೊಂಡಿದ್ದಾರೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?

ಹುಬ್ಬಳ್ಳಿ ಆಹಾರ ಸಲಹೆ

ಅರ್ಧ ಮಾತ್ರ ನಿಜ. 2024ರ ಮಾರ್ಚ್‌ನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಒಂದು ಮಾತಿಗೆ ಅವಕಾಶ ಕೊಟ್ಟಿತು. ವಾರಕ್ಕೆ ಕನಿಷ್ಠ ಎರಡು ಕಪ್ ಮೊಸರು ತಿಂದರೆ ಟೈಪ್ 2 ಶುಗರ್ ಬರುವ ಸಂಭವ ಕಡಿಮೆ ಆಗಬಹುದು, ಆದರೆ ಇದಕ್ಕಿರುವ ಪುರಾವೆ ಸೀಮಿತ ಅಂತ. ಅದು ಬಾರದವರ ಮಾತು. ಬಂದವರಿಗೆ ವಾಸಿ ಆಗುತ್ತದೆ ಅಂತ ಯಾರೂ ಹೇಳಿಲ್ಲ. ಮಾತ್ರೆ ಬಿಡಬೇಡಿ.

ಇನ್ನೊಂದು ಕಾರಣಕ್ಕೆ ನನಗೆ ಮೊಸರು ಇಷ್ಟ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆ ಆಗಬಹುದು. ಸಸ್ಯಾಹಾರಿಗಳಿಗೆ ಬಿ12 ಸಿಗುವುದೇ ಹಾಲು ಮೊಸರಿನಿಂದ. ಆದರೂ ಅದೊಂದನ್ನೇ ನಂಬದೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ಕಾದಿಕೋಯ್ ಮಗಳು

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಊರಿನ ಡಾಕ್ಟರಿಗೆ ವಿಡಿಯೊ ಕಾಲ್ ಮಾಡಿ ರಾತ್ರಿ ಊಟ ಬದಲಾದದ್ದು ಹೇಳಿದೆವು. ಅವರು ರಾತ್ರಿಯ ಮಾತ್ರೆ ಕಡಿಮೆ ಮಾಡಿದರು. ಮಂಡ್ಯದ ಅಣ್ಣನಿಗೆ ಕೈ ಮುಗಿಯುತ್ತೇನೆ.

ಈಗ ನಮ್ಮ ಮನೆಯ ಹೈದರಿ ಹೀಗಿದೆ. ಸೋಸಿದ ಮೊಸರು 250 ಗ್ರಾಂ, ಬರ್ಲಿನ್ ಲೆಕ್ಕದಲ್ಲಿ ಬೆರೆಸಿದ್ದು. ನೆನೆಸಿ ಉಪ್ಪು ಬಿಡಿಸಿದ ಚೀಸ್ 30 ಗ್ರಾಂ. ಬೆಳ್ಳುಳ್ಳಿ ಒಂದು ಸಣ್ಣ ಎಸಳು. ಸಬ್ಬಸಿಗೆ ಎರಡು ದೊಡ್ಡ ಚಮಚ, ಬರೀ ಎಲೆ, ದಂಟು ಬೇಡ. ಬೇರೆ ಉಪ್ಪಿಲ್ಲ. ಮೇಲೆ ಆ ಒಂದು ಚಮಚದ ಪುದೀನ ಒಗ್ಗರಣೆ. ಜೊತೆಗೆ ಲೆಟ್ಯೂಸಿನ ಒಳಗಿನ ಗರಿ ಗರಿ ಎಲೆ. ಅದರಲ್ಲೇ ಹೈದರಿ ಎತ್ತಿಕೊಂಡು ತಿನ್ನುತ್ತಾರೆ. ಕೊನೆಗೆ ಒಂದು ತುಂಡು ಬ್ರೆಡ್. ಎರಡು ಗಂಟೆ ಬಿಟ್ಟು ನೋಡಿದರೆ ಹೆಚ್ಚಿನ ದಿನ 150ರಿಂದ 170ರ ಒಳಗೆ ಇದೆ.

ಮಂಗಳವಾರದ ಸಂತೆಯಲ್ಲಿ ಅಪ್ಪ ಒಂದು ಸೊಪ್ಪಿನ ಕಂತೆ ಹಿಡಿದು ನಿಂತುಬಿಟ್ಟರು. 'ಇದು ಗೋಣಿ ಸೊಪ್ಪಲ್ವೇನೇ?' ಅಂದರು. ಇಲ್ಲಿ ಸೆಮಿಜೋತು ಅಂತಾರೆ. ಅದೇ ದಪ್ಪ ದಪ್ಪ ಎಲೆ, ಕೆಂಪು ದಂಟು, ಅದೇ ಸಣ್ಣ ಹುಳಿ. ಊರಲ್ಲಿ ಹೊಲದಲ್ಲಿ ತಾನಾಗೇ ಬೆಳೆಯುವುದನ್ನು ಇಲ್ಲಿ ಬೇಸಿಗೆಯಲ್ಲಿ ಕಂತೆ ಕಟ್ಟಿ ಮಾರುತ್ತಾರೆ. ಹಸಿಯಾಗೇ ಚಿವುಟಿ ಬೆಳ್ಳುಳ್ಳಿ ಮೊಸರಿಗೆ ಕಲಸುತ್ತಾರೆ. ಬದನೆಕಾಯಿಯನ್ನು ಉರಿಯಲ್ಲಿ ಸುಟ್ಟು ಮೊಸರಿಗೆ ಹಾಕುವುದೂ ಇದೆ, ಅದಂತೂ ನಮ್ಮ ಗೊಜ್ಜೇ. ಕ್ಯಾರೆಟ್ ತುರಿ ಬಾಡಿಸಿ ಮೊಸರಿಗೆ ಕಲಸುವ ತರಾತೋರ್ ಇನ್ನೊಂದು. ಅದಕ್ಕೆ ಎಣ್ಣೆ ಸ್ವಲ್ಪ ಜಾಸ್ತಿ ಬೇಡುತ್ತದೆ, ಹಾಗಾಗಿ ನಾನು ಅಪರೂಪಕ್ಕೆ ಮಾಡುತ್ತೇನೆ. ಇಂಥ ಬಟ್ಟಲುಗಳಿಗೆಲ್ಲ ಸೇರಿಸಿ ಇಲ್ಲಿ ಮೆಜೆ ಅಂತಾರೆ. ಪಾರ್ಸಿಯಲ್ಲಿ ಅದು ರುಚಿ ಅನ್ನುವ ಮಾತು. ನಮ್ಮ 'ಮಜಾ' ಬಂದದ್ದೂ ಅಲ್ಲಿಂದಲೇ.

ಒಂದು ಅನುಮಾನ ಉಳಿದಿದೆ. ಸೋಸಿದ ನೀರನ್ನು ಅಪ್ಪ ದಿನಾ ಒಂದು ಲೋಟ ಕುಡಿಯುತ್ತಿದ್ದಾರೆ. ಚೆಲ್ಲಲು ಮನಸ್ಸು ಬರುವುದಿಲ್ಲ ಅವರಿಗೆ. ತೊಂದರೆ ಇದೆಯೇ?

ಹುಬ್ಬಳ್ಳಿ ಆಹಾರ ಸಲಹೆ

ಮೊಸರಿನಿಂದ ಇಳಿದ ಹಾಲಿನ ಸಕ್ಕರೆ ಹೋದದ್ದು ಆ ನೀರಿಗೇ. ಒಂದು ದೊಡ್ಡ ಲೋಟದಲ್ಲಿ ಸುಮಾರು 8 ಗ್ರಾಂ ಇರುತ್ತದೆ. ಮೂರು ಚಮಚ ಹೈದರಿಗಿಂತ ಅದೇ ಜಾಸ್ತಿ. ವಿಷವೇನಲ್ಲ, ಆದರೆ ನೀರು ಅಂತ ಲೆಕ್ಕ ಬಿಡಬೇಡಿ. ಮನೆ ಮಂದಿಗೆಲ್ಲ ಸೇರಿ ಹಿಟ್ಟು ಕಲಸಲು, ಸಾರಿಗೆ ಬಳಸಿ.

ಬೆಳಗಾವಿ ಅಡುಗೆಮನೆ

ಜೋಳದ ರೊಟ್ಟಿ ಹಿಟ್ಟಿಗೂ ಹಾಕಬಹುದು. ಬೇಳೆ ಬೆಂದ ಮೇಲೆ ಸಾರಿಗೆ ಹಾಕಿದರೆ ಹುಣಿಸೆಹಣ್ಣು ಅರ್ಧ ಸಾಕು.

ಕಾದಿಕೋಯ್ ಮಗಳು

ಅಪ್ಪ ನಿನ್ನೆ ಊರು ತಲುಪಿದರು. ಹೊರಡುವ ಹಿಂದಿನ ದಿನ ತೆಯ್ಜೆ ಮನೆಗೆ ಹೋಗಿ 'ಎಲಿನಿಜೆ ಸಾಲಿಕ್' ಅಂದು ಬಂದರು. 'ನಿಮ್ಮ ಕೈಗೆ ಆರೋಗ್ಯ ಇರಲಿ' ಅಂತ, ಅಡುಗೆ ಮಾಡಿದವರಿಗೆ ಇಲ್ಲಿ ಹೇಳುವ ಮಾತು. ಎರಡು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದರು. ತೆಯ್ಜೆ ಒಣ ಪುದೀನದ ಪೊಟ್ಟಣ ಕೈಗಿಟ್ಟರು.

ಇವತ್ತು ಬೆಳಿಗ್ಗೆ ಅಮ್ಮ ಫೋಟೊ ಕಳಿಸಿದ್ದಾಳೆ. ಫ್ರಿಜ್ಜಿನಲ್ಲಿ ಜರಡಿ, ಅದರ ಮೇಲೆ ಅಪ್ಪನ ಹಳೇ ಪಂಚೆಯ ತುಂಡು. ಸಾರಿಗೆ ನೀರು ಹಾಕಿದ್ದೂ ಆಯಿತಂತೆ. ಈ ಪುದೀನ ಮುಗಿದ ಮೇಲೆ ಏನು ಮಾಡುವುದು ಅಂತ ಅಪ್ಪ ಈಗಲೇ ಕೇಳುತ್ತಿದ್ದಾರೆ. ಮನೆಯ ಪುದೀನವನ್ನು ನೆರಳಲ್ಲಿ ಒಣಗಿಸಿ ಇಟ್ಟವರು ಯಾರಾದರೂ ಇದ್ದೀರಾ? ಎಷ್ಟು ದಿನ ಬೇಕು, ಘಮ ಉಳಿಯುತ್ತದೆಯೇ?

ಯಲಹಂಕ ಅಮ್ಮ

ನಾನು ಒಣಗಿಸುತ್ತೇನಮ್ಮ. ತೊಳೆದು, ಬಟ್ಟೆಯಲ್ಲಿ ಒರೆಸಿ, ಎಲೆ ಮಾತ್ರ ಬಿಡಿಸಿ ಹತ್ತಿ ಬಟ್ಟೆ ಮೇಲೆ ಒಂದೇ ಪದರ ಹರಡಿ. ಬಿಸಿಲು ಬೇಡ, ಬಣ್ಣ ಹೋಗುತ್ತದೆ. ಫ್ಯಾನ್ ಕೆಳಗೆ ನಾಲ್ಕೈದು ದಿನ. ಹಿಡಿದರೆ ಚೂರ್ ಅನ್ನಬೇಕು, ಆಗ ಗಾಜಿನ ಬಾಟಲಿಗೆ. ಪುಡಿ ಮಾಡಿ ಇಡಬೇಡಿ, ಎಲೆಯಾಗೇ ಇರಲಿ. ತಿಕ್ಕುವುದು ಒಗ್ಗರಣೆ ಹೊತ್ತಿಗೆ.